ಕೊಟೇಶನ್ ಕಾಗದದಲ್ಲಿ ನಮ್ಮ ಕೂಲಿಯ ಸಾಲು

(ಮಹಿಳಾ ವಿಭಾಗದ ಸ್ವಂತ ಉದ್ಯೋಗ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹರೂಪ)



ನನಗೆ ಮೈಕ್ ಮುಂದೆ ನಿಂತು ಅಭ್ಯಾಸವಿಲ್ಲ. ನನ್ನ ದಿನದ ಮಾತೆಲ್ಲ ಪೇಂಟರ್ ಹುಡುಗರ ಜೊತೆ, ಮಿಸ್ತ್ರಿಗಳ ಜೊತೆ, ಅದೂ ಅರ್ಧ ಹಿಂದಿ ಅರ್ಧ ಮರಾಠಿ. ಡೊಂಬಿವಲಿಯಲ್ಲಿ 14 ವರ್ಷಗಳಿಂದ ಮನೆಗಳಿಗೆ ಬಣ್ಣ ಹಚ್ಚಿಸುವುದು, ಟೆರೇಸು-ಬಾತ್‌ರೂಮುಗಳ ವಾಟರ್‌ಪ್ರೂಫಿಂಗ್ ಮಾಡಿಸುವುದು ನನ್ನ ಕೆಲಸ. ಅದಕ್ಕೂ ಮೊದಲು ಒಬ್ಬ ಕಾಂಟ್ರಾಕ್ಟರ್ ಬಳಿ ಲೆಕ್ಕ ಬರೆಯುತ್ತಿದ್ದೆ. ಹಾಗಾಗಿ ನಾನು ಈ ಧಂದೆಗೆ ಬಂದದ್ದು ಬ್ರಷ್ ಹಿಡಿದು ಅಲ್ಲ, ಪೆನ್ನು ಹಿಡಿದು.

"ನಿಮ್ಮ ಕೆಲಸದ ಪ್ರಚಾರ ಹೇಗೆ ಮಾಡುತ್ತೀರಿ, ಅದರ ಬಗ್ಗೆ ಹೇಳಿ" ಎಂದು ಕಾರ್ಯದರ್ಶಿಯವರು ಫೋನ್ ಮಾಡಿದ್ದರು. ಪ್ರಚಾರದ ಬಗ್ಗೆ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ರೇಟಿನ ಬಗ್ಗೆ ಹೇಳಬೇಕು. ಯಾಕೆಂದರೆ ನಮ್ಮ ಕೆಲಸದಲ್ಲಿ ಗಿರಾಕಿ ಮೊದಲು ನೋಡುವುದು ನಾವು ಹಚ್ಚಿದ ಬಣ್ಣವನ್ನಲ್ಲ, ನಾವು ಬರೆದುಕೊಟ್ಟ ಕೊಟೇಶನ್ ಕಾಗದವನ್ನು.

ಮಾಟುಂಗದ ನಮ್ಮ ಉಡುಪಿ ಹೋಟೆಲುಗಳನ್ನು ನೆನಪಿಸಿಕೊಳ್ಳಿ. ಗೋಡೆಯ ಮೇಲೋ ಮೆನು ಕಾರ್ಡಿನಲ್ಲೋ ಇಡ್ಲಿಗೆ ಇಷ್ಟು, ದೋಸೆಗೆ ಇಷ್ಟು ಎಂದು ಬರೆದಿರುತ್ತದೆ. ಅಲ್ಲಿ ಯಾರೂ ಚೌಕಾಸಿ ಮಾಡುವುದಿಲ್ಲ. ಕಾರಿನಲ್ಲಿ ಬಂದವರಿಗೂ ಲೋಕಲ್ ರೈಲಿನಲ್ಲಿ ಬಂದವರಿಗೂ ಒಂದೇ ರೇಟು. ನಮ್ಮ ಕೆಲಸದಲ್ಲಿ ಹಾಗೆ ಬೋರ್ಡು ಹಾಕಲು ಆಗುವುದಿಲ್ಲ, ಒಂದು ಮನೆಯ ಗೋಡೆ ಇನ್ನೊಂದು ಮನೆಯ ಗೋಡೆಯಂತೆ ಇರುವುದಿಲ್ಲ. ಬೋರ್ಡು ಇಲ್ಲದಿರುವುದರಿಂದಲೇ ಇಲ್ಲಿ ಬಾಯಿಗೆ ಬಂದ ರೇಟು ನಡೆಯುತ್ತದೆ. ಮನೆಯ ಪರದೆ ನೋಡಿ ರೇಟು, ಗಾಡಿ ನೋಡಿ ರೇಟು, ಮನೆಯಲ್ಲಿ ಗಂಡಸರಿಲ್ಲ ಎಂದು ಗೊತ್ತಾದರೆ ಇನ್ನೊಂದು ರೇಟು. ಒಂಟಿಯಾಗಿರುವ ಹಿರಿಯ ಹೆಂಗಸರಿಗೆ ಹೇಳುವ ಮೊತ್ತಗಳನ್ನು ಕೇಳಿದರೆ ನಿಮಗೆ ಆಶ್ಚರ್ಯವಾಗುತ್ತದೆ. ಆದ್ದರಿಂದ ಪ್ರತಿ ಕೆಲಸಕ್ಕೂ ಒಂದು ಬೋರ್ಡು ನಾವೇ ಬರೆದುಕೊಡಬೇಕು. ಅದೇ ಕೊಟೇಶನ್.

ಮೊದಲ ಕೆಲಸ ಅಳತೆ. ಗಿರಾಕಿ ಫೋನಿನಲ್ಲಿ "ನಮ್ಮದು 500 ಸ್ಕ್ವೇರ್ ಫುಟ್ ಫ್ಲ್ಯಾಟು, ಎಷ್ಟಾಗುತ್ತದೆ?" ಎಂದು ಕೇಳುತ್ತಾರೆ. ಅವರು ಹೇಳುವುದು ಕಾರ್ಪೆಟ್ ಏರಿಯಾ, ಅಂದರೆ ನೆಲದ ಲೆಕ್ಕ. ನಾವು ಬಣ್ಣ ಹಚ್ಚುವುದು ನೆಲಕ್ಕಲ್ಲ, ಗೋಡೆ ಮತ್ತು ಸೀಲಿಂಗಿಗೆ. ಅದು ಸಾಮಾನ್ಯವಾಗಿ ನೆಲದ ಮೂರು, ಮೂರೂವರೆ ಪಟ್ಟು ಬರುತ್ತದೆ. ಈ ಒಂದು ವಿಷಯ ಮೊದಲೇ ಹೇಳದಿದ್ದರೆ ಕೊನೆಗೆ ಜಗಳ ಖಂಡಿತ.

ಲೆಕ್ಕ ಕಷ್ಟದ್ದೇನಲ್ಲ. 10 ಅಡಿ ಅಗಲ, 12 ಅಡಿ ಉದ್ದ, ಒಂಬತ್ತೂವರೆ ಅಡಿ ಎತ್ತರದ ಕೋಣೆ ಎಂದುಕೊಳ್ಳಿ. ನಾಲ್ಕು ಗೋಡೆಗಳ ಸುತ್ತಳತೆ 44 ಅಡಿ. ಎತ್ತರದಿಂದ ಗುಣಿಸಿದರೆ 418 ಚದರ ಅಡಿ. ಸೀಲಿಂಗು 120. ಒಟ್ಟು 538. ಏಳು-ಮೂರರ ಬಾಗಿಲಿಗೆ 21, ನಾಲ್ಕು-ನಾಲ್ಕರ ಕಿಟಕಿಗೆ 16 ಕಳೆಯಿರಿ. ಉಳಿಯಿತು 501 ಚದರ ಅಡಿ. ಐದನೇ ಕ್ಲಾಸಿನ ಲೆಕ್ಕ. ಆದರೆ ಎಷ್ಟೋ ಮನೆಗಳಲ್ಲಿ ಈ ಲೆಕ್ಕವನ್ನು ಗಿರಾಕಿಯ ಮುಂದೆ ಯಾರೂ ಮಾಡಿ ತೋರಿಸಿರುವುದಿಲ್ಲ.

ನಾನು ಅಳೆಯುವಾಗ ಟೇಪಿನ ಒಂದು ತುದಿಯನ್ನು ಮನೆಯವರ ಕೈಗೇ ಕೊಡುತ್ತೇನೆ. ಮುಲುಂಡಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಒಬ್ಬರೇ ಇದ್ದರು. ನನಗಿಂತ ಮೊದಲು ಬಂದವರು ಗೋಡೆಗಳನ್ನು ಒಮ್ಮೆ ನೋಡಿ ಒಂದು ಉಂಡೆ ಮೊತ್ತ ಹೇಳಿ ಹೋಗಿದ್ದರಂತೆ. "ಅದು ಹೆಚ್ಚೋ ಕಮ್ಮಿಯೋ ನನಗೆ ಹೇಗೆ ಗೊತ್ತಾಗಬೇಕು?" ಎಂದು ಕೇಳಿದರು. ಟೇಪು ಹಿಡಿದು ಅವರೂ ನನ್ನ ಜೊತೆ ಕೋಣೆ ಕೋಣೆ ನಡೆದರು. ಅಡಿಗಳನ್ನು ಅವರೇ ತಮ್ಮ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡರು. ಆ ದಿನ ನಾನು ಒಂದು ರೂಪಾಯಿಯೂ ಕಡಿಮೆ ಮಾಡಲಿಲ್ಲ, ಅವರೂ ಕೇಳಲಿಲ್ಲ. ಆಮೇಲೆ ಅದೇ ಬಿಲ್ಡಿಂಗಿನಲ್ಲಿ ನನಗೆ ನಾಲ್ಕು ಮನೆಗಳ ಕೆಲಸ ಸಿಕ್ಕಿತು. ಎಲ್ಲರಿಗೂ ಹೇಳಿದ್ದು ಆ ಅಜ್ಜಿಯೇ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ನಾನು ಹೇಳುವ ಅಂಕಿಗಳು ಲೆಕ್ಕ ತಿಳಿಯಲು ಮಾತ್ರ, ಇವತ್ತಿನ ಮಾರ್ಕೆಟ್ ಭಾವ್ ಎಂದು ಬರೆದುಕೊಳ್ಳಬೇಡಿ. ಒಂದು ಸಣ್ಣ ಫ್ಲ್ಯಾಟಿನ ಕೆಲಸ. ಪುಟ್ಟಿ, ಪ್ರೈಮರ್, ಬಣ್ಣ ಎಲ್ಲ ಸೇರಿ ಮಾಲು 15,000. ಇಬ್ಬರು ಪೇಂಟರುಗಳು, 8 ದಿನ, ಒಂದು ಹಾಜರಿಗೆ 1,000ದಂತೆ 16,000. ಟೆಂಪೊ, ಏಣಿ, ಸಾಮಾನು ಮುಚ್ಚುವ ಪ್ಲಾಸ್ಟಿಕ್, ಕಸ ಸಾಗಿಸುವುದು 3,000. ಇಲ್ಲಿಗೆ 34,000 ಆಯಿತು. ಬಹಳಷ್ಟು ಮಂದಿ ಇಲ್ಲಿಗೆ ನಿಲ್ಲಿಸಿ, ಇದರ ಮೇಲೆ ಏನೋ ಒಂದಿಷ್ಟು ಸೇರಿಸಿ ರೇಟು ಹೇಳಿಬಿಡುತ್ತಾರೆ.

ಒಂದು ಸಾಲು ಬಿಟ್ಟುಹೋಯಿತು. ಅಳತೆಗೆ ಹೋದವರು ಯಾರು? ಬಣ್ಣದ ಅಂಗಡಿಗೆ ಎರಡು ಸಲ ಹೋದವರು ಯಾರು? ದಿನಾ ಬೆಳಿಗ್ಗೆ ಸೈಟಿಗೆ ಹೋಗಿ, ಸಂಜೆ ಮತ್ತೆ ಹೋಗಿ ಕೆಲಸ ನೋಡಿದವರು ಯಾರು? ನಾವು. ಅದಕ್ಕೆ 6,000 ಎಂದು ಇಡಿ. ಈಗ ಖರ್ಚು 40,000.

ಈ ಸಾಲನ್ನು ಹೆಂಗಸರು ಬಿಡುವುದು ನಾನು ಮತ್ತೆ ಮತ್ತೆ ನೋಡಿದ್ದೇನೆ. ಬ್ಲೌಸ್ ಹೊಲಿಯುವವರು ದಾರಕ್ಕೆ, ಲೈನಿಂಗಿಗೆ ಲೆಕ್ಕ ಹಾಕುತ್ತಾರೆ, ಹೊಲಿದ ಮೂರು ಗಂಟೆಗೆ ಹಾಕುವುದಿಲ್ಲ. ಹಬ್ಬಕ್ಕೆ ಚಕ್ಕುಲಿ ಮಾಡಿ ಮಾರುವವರು ಹಿಟ್ಟು ಎಣ್ಣೆ ಗ್ಯಾಸು ಹಾಕುತ್ತಾರೆ, ಒಲೆ ಮುಂದೆ ನಿಂತದ್ದಕ್ಕೆ ಹಾಕುವುದಿಲ್ಲ. "ಮನೆಯಲ್ಲೇ ಇದ್ದೆನಲ್ಲ, ಅದಕ್ಕೇನು ಲೆಕ್ಕ" ಎನ್ನುತ್ತಾರೆ. ಮನೆಕೆಲಸಕ್ಕೆ ಪಗಾರವಿಲ್ಲದೆ ಅಭ್ಯಾಸವಾಗಿರುವ ನಮಗೆ ಹೊರಗಿನ ಕೆಲಸಕ್ಕೂ ಪಗಾರ ಬೇಡ ಎನಿಸಿಬಿಡುತ್ತದೆ. ದಯವಿಟ್ಟು ಆ ಸಾಲನ್ನು ಬರೆಯಿರಿ. ಅದು ಲಾಭವಲ್ಲ, ಕೂಲಿ. ಲಾಭ ಬೇರೆ. ಏಣಿ ಮುರಿದಾಗ ಹೊಸದು ತರಲು, ಕೆಲಸವಿಲ್ಲದ ತಿಂಗಳು ದಾಟಲು, ಗಿರಾಕಿ ದುಡ್ಡು ತಡಮಾಡಿದಾಗ ಹುಡುಗರ ಹಾಜರಿ ಕೊಡಲು ಇರುವುದು ಲಾಭ.

ಲಾಭದ ಲೆಕ್ಕದಲ್ಲೂ ಒಂದು ಸೂಕ್ಷ್ಮವಿದೆ. 40,000 ಖರ್ಚಿನ ಮೇಲೆ ಶೇಕಡಾ 20 ಸೇರಿಸಿ 48,000 ಎಂದು ಕೋಟ್ ಮಾಡಿದರೆ ಕೈಗೆ ಬರುವ ನೂರು ರೂಪಾಯಿಯಲ್ಲಿ ನಮಗೆ 20 ಉಳಿಯುವುದಿಲ್ಲ, ಹದಿನಾರು ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ ಉಳಿಯುತ್ತದೆ. ನೂರಕ್ಕೆ 20 ಉಳಿಯಬೇಕಾದರೆ 50,000 ಹೇಳಬೇಕು. ಈಗ ಆ 48,000ಕ್ಕೆ ಗಿರಾಕಿ "ಟೆನ್ ಪರ್ಸೆಂಟ್ ಬಿಡಿ" ಎನ್ನುತ್ತಾರೆ. ಕೇಳಲು ಸಣ್ಣದು. 4,800 ಬಿಟ್ಟರೆ 43,200. ನಮ್ಮ 8,000 ಲಾಭ 3,200ಕ್ಕೆ ಇಳಿಯಿತು. ಅವರು ಕೇಳಿದ್ದು ಹತ್ತು ಪರ್ಸೆಂಟು, ಹೋದದ್ದು ಲಾಭದ ಅರವತ್ತು ಪರ್ಸೆಂಟು. ಇದು ಗೊತ್ತಿಲ್ಲದೆ ತಲೆಯಾಡಿಸಬಾರದು.

ರೇಟು ಇಳಿದಾಗ ಕಾಂಟ್ರಾಕ್ಟರು ತನ್ನ ಕಿಸೆಯಿಂದ ಬಿಡುತ್ತಾನೆ ಎಂದು ಗಿರಾಕಿಗಳು ತಿಳಿಯುತ್ತಾರೆ. ಹೆಚ್ಚಿನ ಸಲ ಹಾಗಾಗುವುದಿಲ್ಲ. ಮೊದಲು ಹೋಗುವುದು ಕಣ್ಣಿಗೆ ಕಾಣದ್ದು. ಗೋಡೆ ಕೆರೆದು ಉಜ್ಜುವ ಒಂದು ದಿನ ಕಡಿಮೆಯಾಗುತ್ತದೆ, ಪ್ರೈಮರಿಗೆ ನೀರು ಹೆಚ್ಚಾಗುತ್ತದೆ. ಆಮೇಲೆ ಹುಡುಗರ ಹಾಜರಿಯಲ್ಲಿ ನೂರು ರೂಪಾಯಿ ಕಡಿತ. ಹೆಲ್ಪರ್ ಹೆಂಗಸಾದರೆ ಮೊದಲೇ ಕಡಿಮೆ. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ. ಇವತ್ತಿಗೂ ಎಷ್ಟೋ ಸೈಟುಗಳಲ್ಲಿ ಒಂದೇ ಬಾಂಡ್ಲಿ ಹೊರುವ ಹೆಂಗಸಿಗೆ ಗಂಡಸಿಗಿಂತ ಕಡಿಮೆ ಕೂಲಿ.

ಕೊನೆಗೆ ಹೋಗುವುದು ಸೇಫ್ಟಿ ಬೆಲ್ಟು. ನನ್ನ ಜೊತೆ ಎರಡು ಸೀಸನ್ ಕೆಲಸ ಮಾಡಿದ್ದ ಒಬ್ಬ ಹುಡುಗ ಆಮೇಲೆ ಬೇರೆ ಕಡೆ ಹೊರಗೋಡೆಯ ಕೆಲಸಕ್ಕೆ ಹೋದ. ಮೂರು ಕೊಟೇಶನ್‌ಗಳಲ್ಲಿ ಎಲ್ಲಕ್ಕಿಂತ ಕಡಿಮೆಯದನ್ನು ಆ ಸೊಸೈಟಿಯವರು ಒಪ್ಪಿದ್ದರು. ಅದರಲ್ಲಿ ಬೆಲ್ಟು, ಹಗ್ಗ, ಬಲೆ ಯಾವುದರ ಸಾಲೂ ಇರಲಿಲ್ಲ. ಎರಡನೇ ಮಹಡಿಯ ಹಲಗೆಯಿಂದ ಬಿದ್ದ. ಜೀವ ಉಳಿಯಿತು, ಆದರೆ ಇವತ್ತಿಗೂ ಕುಂಟುತ್ತಾನೆ, ಏಣಿ ಹತ್ತಲು ಆಗುವುದಿಲ್ಲ. ಸೊಸೈಟಿಗೆ ಉಳಿದ ದುಡ್ಡು ಎಷ್ಟೋ ನನಗೆ ಗೊತ್ತಿಲ್ಲ. ಅವನ ಹೆಂಡತಿ ಈಗ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಾಳೆ.

ಅದಕ್ಕೇ ನಾನು ಹೊರಗೋಡೆಯ ಕೊಟೇಶನ್‌ನಲ್ಲಿ ಸುರಕ್ಷತೆ ಎಂದು ಒಂದು ಪ್ರತ್ಯೇಕ ಸಾಲು ಬರೆಯುತ್ತೇನೆ. ಯಾರಾದರೂ "ಇದನ್ನು ತೆಗೆದುಬಿಡಿ, ರೇಟು ಮ್ಯಾಚ್ ಆಗುತ್ತದೆ" ಎಂದರೆ ಆ ಕೆಲಸ ಬಿಡುತ್ತೇನೆ. ಇಲ್ಲಿ ಸೊಸೈಟಿ ಕಮಿಟಿಗಳಲ್ಲಿ ಇರುವ ಅಕ್ಕಂದಿರೂ ಕುಳಿತಿದ್ದೀರಿ. ಮೂರು ಕೊಟೇಶನ್ ತರಿಸುವಾಗ ಮೂವರಿಗೂ ಒಂದೇ ಕೆಲಸದ ಪಟ್ಟಿ ಕೊಡಿ. ಎಷ್ಟು ಕೋಟು, ಯಾವ ಮಾಲು, ಬೆಲ್ಟು ಇದೆಯೇ, ಜೂಲಾ ಇದೆಯೇ. ಇಲ್ಲದಿದ್ದರೆ ನೀವು ಹೋಲಿಸುವುದು ಮಾವಿನಹಣ್ಣು ಮತ್ತು ಬದನೆಕಾಯಿಯನ್ನು.

ಕೊಟೇಶನ್‌ನಲ್ಲಿ ಇನ್ನೇನು ಇರಬೇಕು? ನಾನು ಬರೆಯುವುದು ಹೀಗೆ. ಅಳತೆ ಮತ್ತು ಒಂದು ಚದರ ಅಡಿಯ ದರ. ಬಣ್ಣದ ಕಂಪನಿ, ಅದರಲ್ಲಿ ಯಾವ ದರ್ಜೆಯದು ಎಂಬ ಪೂರ್ತಿ ಹೆಸರು. ಬರೇ ಕಂಪನಿ ಹೆಸರು ಬರೆದರೆ ಸಾಲದು, ಒಂದೇ ಕಂಪನಿಯಲ್ಲಿ ಅಗ್ಗದ್ದೂ ಇದೆ, ದುಬಾರಿಯದೂ ಇದೆ. ಎಷ್ಟು ಕೋಟು. ಎಷ್ಟು ದಿನ. ಈ ರೇಟು ಎಷ್ಟು ದಿನ ನಡೆಯುತ್ತದೆ. ಮಾಲಿನ ಬೆಲೆ ಏರಿಳಿಯುವುದರಿಂದ ನಾನು 30 ದಿನ ಎಂದು ಬರೆಯುತ್ತೇನೆ. ದುಡ್ಡು ಯಾವ ಹಂತದಲ್ಲಿ ಎಷ್ಟು. ಮತ್ತು ಬಹಳ ಮುಖ್ಯವಾಗಿ, ಇದರಲ್ಲಿ ಏನು ಸೇರಿಲ್ಲ. ಗ್ರಿಲ್ಲಿಗೆ ಬಣ್ಣ ಸೇರಿಲ್ಲ, ಫರ್ನಿಚರ್ ಪಾಲಿಶ್ ಸೇರಿಲ್ಲ, ಒಳಗಿನ ಪೈಪಿನ ರಿಪೇರಿ ಸೇರಿಲ್ಲ. ಈ "ಸೇರಿಲ್ಲ" ಪಟ್ಟಿ ಗಿರಾಕಿಗೂ ಒಳ್ಳೆಯದು, ನಮಗೂ ಒಳ್ಳೆಯದು. ಗೋಡೆ ಕೆರೆದ ಮೇಲೆ ಹೊಸ ಕೆಲಸ ಕಂಡುಬಂದರೆ ಮೊದಲು ಫೋಟೋ ಮತ್ತು ರೇಟು ಕಳಿಸಿ, ಅವರು ಸರಿ ಎಂದು ಬರೆದ ಮೇಲೆಯೇ ಕೈ ಹಚ್ಚಬೇಕು. ಕೆಲಸ ಮುಗಿಸಿ "ಎಕ್ಸ್ಟ್ರಾ ಆಯಿತು" ಎಂದರೆ ಅದು ನ್ಯಾಯವಲ್ಲ.

ಜಿಎಸ್‌ಟಿ ಬಗ್ಗೆಯೂ ಸ್ಪಷ್ಟವಾಗಿರಿ. ಮಹಾರಾಷ್ಟ್ರದಲ್ಲಿ ಸೇವೆ ಕೊಡುವ ನಮ್ಮಂಥವರ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಮಾಡಿಸಲೇಬೇಕು. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ವಸೂಲು ಮಾಡುವಂತಿಲ್ಲ. ನೋಂದಣಿ ಇದ್ದರೆ ಹೇಳಿದ ಮೊತ್ತದಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ ಎಂದು ಮೊದಲೇ ಬರೆಯಿರಿ. ಸಣ್ಣ ಉದ್ಯಮಕ್ಕೆ ಉದ್ಯಮ್ ನೋಂದಣಿ ಎಂದು 2020ರಿಂದ ಇದೆ. ಸರ್ಕಾರದ ಜಾಲತಾಣದಲ್ಲಿ ನಾವೇ ಮಾಡಿಕೊಳ್ಳಬಹುದು, ಶುಲ್ಕವಿಲ್ಲ. ದುಡ್ಡು ಕೇಳುವ ಏಜೆಂಟರಿಗೆ ಕೊಡಬೇಡಿ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ನೋಂದಣಿಯಾದ ಸಣ್ಣ ಉದ್ಯಮಕ್ಕೆ ಕೆಲಸ ಕೊಟ್ಟವರು ಬರವಣಿಗೆಯಲ್ಲಿ ಒಪ್ಪಿದ್ದರೂ 45 ದಿನಕ್ಕಿಂತ ಹೆಚ್ಚು ಕಾಲ ಬಾಕಿ ಇಟ್ಟುಕೊಳ್ಳುವಂತಿಲ್ಲ. ಕಂಪನಿ, ಆಫೀಸುಗಳ ಕೆಲಸ ಮಾಡುವವರಿಗೆ ಇದು ದೊಡ್ಡ ಆಸರೆ.

ಇನ್ನು ಪ್ರಚಾರ. ಕಾರ್ಡು ಅಚ್ಚು ಹಾಕಿಸಿ, ಗೂಗಲ್ ಮ್ಯಾಪಿನಲ್ಲಿ ನಿಮ್ಮ ಉದ್ಯೋಗದ ಹೆಸರು ಹಾಕಿ, ಅದಕ್ಕೆ ದುಡ್ಡು ಬೇಡ. ಕೆಲಸದ ಮೊದಲಿನ ಮತ್ತು ನಂತರದ ಫೋಟೋ ತೆಗೆಯಿರಿ, ಆದರೆ ಮನೆಯವರನ್ನು ಕೇಳಿಯೇ ಹಾಕಿ. ಅವರ ದೇವರಕೋಣೆ, ಮಕ್ಕಳ ಫೋಟೋ ಅದರಲ್ಲಿ ಕಾಣಬಾರದು. ಕೆಲಸ ಮಾಡಿಸಿಕೊಳ್ಳದ ನೆಂಟರಿಂದ ಐದೈದು ಸ್ಟಾರು ಹಾಕಿಸಬೇಡಿ. ಒಬ್ಬ ನಿಜವಾದ ಗಿರಾಕಿ ಬರೆದ ಎರಡು ಸಾಲು ಅದಕ್ಕಿಂತ ಹೆಚ್ಚು ಬಾಳುತ್ತದೆ. "ಲೈಫ್‌ಟೈಮ್ ಗ್ಯಾರಂಟಿ" ಎಂಬ ಮಾತು ನನ್ನ ಕಾರ್ಡಿನಲ್ಲಿ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿನ ಮೇಲೆ ಕ್ರಮಕ್ಕೆ ಅವಕಾಶವಿದೆ, ಅದು ಹಾಗಿರಲಿ, ಮುಂಬಯಿಯ ಮಳೆಯ ಎದುರು ಯಾರು ಜೀವಮಾನದ ಮಾತು ಕೊಡಲು ಸಾಧ್ಯ?

ಮಳೆಯ ಮಾತು ಬಂತು. ನಮ್ಮ ಧಂದೆಗೆ ಕ್ಯಾಲೆಂಡರು ಇದೆ. ಟೆರೇಸಿನ ಕೆಲಸ ಮೇ ತಿಂಗಳೊಳಗೆ ಮುಗಿಯಬೇಕು, ಜೂನ್ ಎರಡನೇ ವಾರಕ್ಕೆ ಮಳೆ ಬರುತ್ತದೆ. ಗಣೇಶ ಚತುರ್ಥಿಗೆ, ದೀಪಾವಳಿಗೆ ಮೊದಲು ಎಲ್ಲರಿಗೂ ಒಳಗಿನ ಬಣ್ಣ ಆಗಬೇಕು. ಹಾಗಾಗಿ ಫೆಬ್ರವರಿಯಲ್ಲೇ ಸೊಸೈಟಿಗಳಿಗೆ ಟೆರೇಸ್ ನೋಡಿ ಬರುತ್ತೇನೆಂದು ಹೇಳಿ ಕಳಿಸುತ್ತೇನೆ. ಸರಿಯಾದ ಸಮಯಕ್ಕೆ ನೆನಪಿಸುವುದೂ ಪ್ರಚಾರವೇ. ವಾಟರ್‌ಪ್ರೂಫಿಂಗ್ ಆದ ಮೇಲೆ ನೀರು ನಿಲ್ಲಿಸಿ ಒಂದೆರಡು ದಿನ ಬಿಟ್ಟು, ಕೆಳಗಿನ ಮನೆಯ ಸೀಲಿಂಗನ್ನು ಗಿರಾಕಿಗೇ ತೋರಿಸಿ ಕೊನೆಯ ಕಂತು ತೆಗೆದುಕೊಳ್ಳುತ್ತೇನೆ.

ಕೆಲವೊಮ್ಮೆ ಕೆಲಸ ಬೇಡ ಎನ್ನುವುದು ಎಲ್ಲಕ್ಕಿಂತ ದೊಡ್ಡ ಪ್ರಚಾರ. ಗೋಡೆಯಲ್ಲಿ ತೇವವಿದೆ, ಮೇಲಿನ ಮನೆಯ ಬಾತ್‌ರೂಮಿನಿಂದ ನೀರು ಇಳಿಯುತ್ತಿದೆ, ಆದರೂ "ಹಬ್ಬ ಬಂತು, ಒಂದು ಕೋಟು ಹೊಡೆದುಬಿಡಿ" ಎನ್ನುತ್ತಾರೆ. ಹೊಡೆದರೆ ನನಗೆ ದುಡ್ಡು ಬರುತ್ತದೆ, ಎರಡೇ ತಿಂಗಳಿಗೆ ಹೊಪ್ಪಳಿಕೆ ಏಳುತ್ತದೆ. ಮೊದಲು ಮೇಲಿನ ಮನೆಯವರ ಜೊತೆ ಮಾತಾಡಿ ಸೋರಿಕೆ ನಿಲ್ಲಿಸಿ, ಗೋಡೆ ಒಣಗಲಿ, ಆಮೇಲೆ ಕರೆಯಿರಿ ಎಂದು ಹೇಳಿ ಬರುತ್ತೇನೆ. ಹಾಗೆ ಹೇಳಿ ಬಂದ ಮನೆಗಳಿಂದ ಹೆಚ್ಚಿನವರು ಮತ್ತೆ ಕರೆದಿದ್ದಾರೆ.

ಕೊನೆಯದಾಗಿ, ನಮ್ಮ ಸಂಘದಲ್ಲಿ ಎಲ್ಲರೂ ಕೇಳುವ ಪ್ರಶ್ನೆ: "ನಾವು ನಮ್ಮವರೇ ಅಲ್ವಾ, ನಮಗೆಷ್ಟು ಕಮ್ಮಿ?" ನೀವು ನಗುತ್ತಿದ್ದೀರಿ, ಕೇಳಿದವರು ಇಲ್ಲೇ ಇದ್ದೀರಿ! ನನ್ನ ಉತ್ತರ ಇದು. ನಮ್ಮವರಿಗೂ ಹೊರಗಿನವರಿಗೂ ದರ ಒಂದೇ. ಕೈ ಬಿಗಿಯಾಗಿರುವ ಮನೆ ಎಂದು ಗೊತ್ತಾದರೆ ರಿಯಾಯಿತಿ ಕೊಡುತ್ತೇನೆ, ಆದರೆ ಅದನ್ನು ಬಿಲ್ಲಿನ ಕೊನೆಯಲ್ಲಿ ರಿಯಾಯಿತಿ ಎಂದೇ ಬರೆದು ಕೊಡುತ್ತೇನೆ. ಅದು ನನ್ನ ಲಾಭದಿಂದ ಹೋಗುತ್ತದೆ. ಹುಡುಗರ ಹಾಜರಿಯಿಂದ ಅಲ್ಲ, ಪುಟ್ಟಿಯ ಚೀಲದಿಂದ ಅಲ್ಲ. ನಮ್ಮವರು ಎಂದರೆ ಕಡಿಮೆಗೆ ಮಾಡಿಸಿಕೊಳ್ಳುವವರು ಎಂದಲ್ಲ. ನಮ್ಮ ಹೆಣ್ಣುಮಕ್ಕಳಲ್ಲಿ ಯಾರು ಏನು ಕೆಲಸ ಮಾಡುತ್ತಾರೆ ಎಂದು ತಿಳಿದು, ಮೊದಲ ಕರೆ ಅವರಿಗೆ ಮಾಡಿ, ಒಪ್ಪಿದ ದುಡ್ಡನ್ನು ಒಪ್ಪಿದ ದಿನ ಕೊಡುವವರು ನಮ್ಮವರು. ಸರಿಯಿಲ್ಲದಿದ್ದರೆ ಎದುರಿಗೇ ಹೇಳುವವರೂ ನಮ್ಮವರೇ.

ನಾನು ಬಳಸುವ ಕೊಟೇಶನ್‌ನ ಖಾಲಿ ನಮೂನೆಯನ್ನು ಕನ್ನಡದಲ್ಲಿ ಬರೆದು ತಂದಿದ್ದೇನೆ. ಹೊಲಿಗೆ, ಕೇಟರಿಂಗ್, ಟ್ಯೂಷನ್, ಯಾವ ಕೆಲಸಕ್ಕೂ ಸ್ವಲ್ಪ ಬದಲಿಸಿಕೊಂಡು ಬಳಸಬಹುದು. ಅದರಲ್ಲಿ ನಾಲ್ಕನೇ ಸಾಲು "ನನ್ನ ಸಮಯ". ಅದನ್ನು ಮಾತ್ರ ಖಾಲಿ ಬಿಡಬೇಡಿ. ಚಹಾ ಕುಡಿಯುವಾಗ ಬನ್ನಿ, ಯಾರ ಯಾರ ಲೆಕ್ಕ ಇದೆಯೋ ಕೂತು ನೋಡೋಣ.